ಮಡಿಕೇರಿ ಕಡೆ ಹಿತ್ತಿಲಲ್ಲಿ ಬೀನ್ಸ್ ಯಾವಾಗ ಹಾಕೋದು?

ಹಿತ್ತಿಲಮನೆ: 10 ಅಡಿ ಉದ್ದ, 4 ಅಡಿ ಅಗಲದ ಎರಡು ಮಡಿ ಇವೆ. ಜೂನ್‌ನಲ್ಲಿ ಬಿತ್ತಿದ ಬೀನ್ಸ್ ಅರ್ಧ ಮೊಳೆಯಲೇ ಇಲ್ಲ, ಬಂದ ಸಸಿಗಳೂ ಬುಡ ಕೊಳೆತು ಬಿದ್ದವು. ಬೀಜದ ತಪ್ಪಾ, ಕಾಲದ್ದಾ?

ಏಲಕ್ಕಿಕಾಡು: ಕಾಲದ್ದೇ. ಮಳೆಗಾಲದ ನೆನೆದ ಮಣ್ಣಲ್ಲಿ ಬೀಜಕ್ಕೆ ಗಾಳಿ ಸಿಗಲ್ಲ, ಮೊಳೆಯುವ ಮೊದಲೇ ಕೊಳೆಯುತ್ತೆ. ಸೆಪ್ಟೆಂಬರ್ ಮೊದಲ ವಾರದ ಕೊಡವರ ಹಬ್ಬ ಕೈಲ್ ಪೊಳ್ದ್ ಮುಗಿಯಿತು ಅಂತಲೂ ಆತುರ ಬೇಡ. ಸೆಪ್ಟೆಂಬರ್ ಕೊನೆಯಿಂದ ತುಲಾ ಸಂಕ್ರಮಣದ (ಅಕ್ಟೋಬರ್ ಮಧ್ಯ) ಆಸುಪಾಸಿನವರೆಗೆ ಹದವಾದ ಸಮಯ. ಒಂದು ಹಿಡಿ ಮಣ್ಣು ಅದುಮಿ ನೋಡಿ. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ ಕಾಯಿರಿ. ಉಂಡೆ ಕಟ್ಟಿ, ಹೆಬ್ಬೆರಳು ಒತ್ತಿದ ಕೂಡಲೇ ಉದುರಿದರೆ ಬಿತ್ತಿ. ಎರಡನೇ ಮಡಿಗೆ 15 ದಿನ ಬಿಟ್ಟು ಹಾಕಿದರೆ ಕಾಯಿ ಒಟ್ಟಿಗೇ ಬಂದು ಹಾಳಾಗಲ್ಲ. ನೀರಿನ ಅನುಕೂಲ ಇದ್ದರೆ ಜನವರಿ ಕೊನೆಗೆ ಇನ್ನೊಂದು ಬೆಳೆ ತೆಗೆಯಬಹುದು.

ಕೆಂಪುಮಣ್ಣು: ನಮ್ಮ ಕಡೆ ಮಣ್ಣು ಹುಳಿ ಜಾಸ್ತಿ, ಇದನ್ನು ಮರೆಯೋರೇ ಹೆಚ್ಚು. ಬಿತ್ತೋಕೆ ಮೂರು ವಾರ ಮುಂಚೆ ಮಡಿಗೆ ಮುಕ್ಕಾಲು ಕೆಜಿ ಕೃಷಿ ಸುಣ್ಣ ಬೆರೆಸಿ. ಅದೇ ದಿನ ಕೊಟ್ಟಿಗೆ ಗೊಬ್ಬರ ಹಾಕಬೇಡಿ, ಸಾರಜನಕ ಆವಿಯಾಗಿ ಹೋಗುತ್ತೆ. ಎರಡು ವಾರ ಬಿಟ್ಟು ಹಾಕಿ. ಯೂರಿಯಾ ಸುರಿದರೆ ಎಲೆ ಸೊಂಪಾಗಿ ಬರುತ್ತೆ, ಕಾಯಿ ಇರಲ್ಲ. ಬೀಜ ರಾತ್ರಿಯಿಡೀ ನೆನೆಸಬೇಡಿ, ಸಿಪ್ಪೆ ಬಿರಿದು ಕೆಡುತ್ತೆ. ಒಂದು ಅಂಗುಲ ಆಳ ಸಾಕು. ಅರ್ಕಾ ಕೋಮಲ್‌ನಂಥ ಗಿಡ ಬೀನ್ಸ್‌ಗೆ ಸಾಲಿಂದ ಸಾಲಿಗೆ ಒಂದೂವರೆ ಅಡಿ, ಬೀಜದಿಂದ ಬೀಜಕ್ಕೆ ಒಂದು ಗೇಣಿಗಿಂತ ತುಸು ಕಡಿಮೆ.

ಕುಶಾಲನಗರದವ: ಒಂದು ತಿದ್ದುಪಡಿ. ನಮ್ಮ ಕಡೆ ಮಳೆ ಕಡಿಮೆ, ನೀರು ನಿಲ್ಲದ ಏರುಮಡಿ ಇದ್ದರೆ ಜೂನ್‌ನಲ್ಲೂ ಬರುತ್ತೆ. ಇಡೀ ಕೊಡಗಿಗೆ ಒಂದೇ ತಿಂಗಳು ಹೇಳೋಕಾಗಲ್ಲ.

ಹಿತ್ತಿಲಮನೆ: ಒಂದು ಮಡಿ ಸಿಲ್ವರ್ ಓಕ್ ನೆರಳಲ್ಲಿದೆ, ಅಲ್ಲಿ ಬಳ್ಳಿ ಬೀನ್ಸ್ ಆಗಬಹುದಾ ಸರ್?

ಏಲಕ್ಕಿಕಾಡು: ಆರು ಗಂಟೆ ಬಿಸಿಲು ಬಿದ್ದರೆ ಆಗುತ್ತೆ, ಇಲ್ಲದಿದ್ದರೆ ಅಲ್ಲಿ ಸೊಪ್ಪು ಹಾಕಿ. ಆಧಾರಕ್ಕೆ ಹಸಿ ಗ್ಲಿರಿಸೀಡಿಯಾ ಕೋಲು ನೆಟ್ಟರೆ ಅದೇ ಚಿಗುರಿ ನೆರಳಾಗುತ್ತೆ. ಒಣ ಕಾಫಿ ಕಡ್ಡಿ ಒಳ್ಳೇದು. ಡಿಸೆಂಬರ್ ಮಂಜಲ್ಲಿ ಎಲೆಯ ಅಡಿಗೆ ತುಕ್ಕಿನ ಪುಡಿ ಕಾಣಿಸಬಹುದು. ಬೆರಳಿಗೆ ಕಂದು ಅಂಟಿದರೆ ಅದು ತುಕ್ಕು ರೋಗವೇ. ಆ ಎಲೆ ಕಿತ್ತು ಸುಟ್ಟು, ನೀರಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ ಸಿಂಪಡಿಸಿ, ಬಿಸಿಲೇರುವ ಮೊದಲು. ಎಲೆ ಒದ್ದೆ ಇರುವಾಗ ಕಾಯಿ ಕೊಯ್ಯಬೇಡಿ, ಕೈಯಿಂದಲೇ ರೋಗ ಹರಡುತ್ತೆ.