ನೆಗೊಂಬೊ ಫೋಟೊ: ಈಸ್ಟರ್ ದಿನ ನಮ್ಮ ಮನೆ ಗುಂಪಿನಲ್ಲಿ

ದೊಡ್ಡಪ್ಪ: (ಫಾರ್ವರ್ಡ್ ಮಾಡಿದ ಫೋಟೊ: ರಕ್ತ ಸಿಡಿದ ಯೇಸುಸ್ವಾಮಿಯ ಪ್ರತಿಮೆ. ಕೆಳಗೆ: ‘ಮಾಡಿದವರನ್ನು ಮರೆಯಬೇಡಿ. ಅವರ ಅಂಗಡಿಗೆ ಹೋಗಬೇಡಿ. ಎಲ್ಲರಿಗೂ ಕಳಿಸಿ.’)

ಚಿಕ್ಕಮ್ಮ: ಹಬ್ಬದ ದಿನ ಇದು ಬೇಕಿತ್ತಾ ಭಾವ? ಮಕ್ಕಳೂ ಈ ಗುಂಪಿನಲ್ಲಿದ್ದಾರೆ.

ದೊಡ್ಡಪ್ಪ: ಸುಳ್ಳಾ ಇದು? 2019ರ ಈಸ್ಟರ್ ದಿನ ಶ್ರೀಲಂಕಾದ ಚರ್ಚು, ಹೋಟೆಲುಗಳಲ್ಲಿ ಬಾಂಬ್ ಸಿಡಿಸಿದಾಗ 260ಕ್ಕೂ ಜಾಸ್ತಿ ಜನ ಸತ್ತರು. ಮತದಾನ ಮುಗಿಸಿ ಹೋಗಿದ್ದ ನಮ್ಮ ಕರ್ನಾಟಕದ ಜೆಡಿಎಸ್‌ನವರೂ ಕೊಲಂಬೊದ ಹೋಟೆಲಿನಲ್ಲಿ ತೀರಿಕೊಂಡರು.

ನಾನು: ಫೋಟೊ ಸುಳ್ಳಲ್ಲ ದೊಡ್ಡಪ್ಪ. ಅದು ನೆಗೊಂಬೊ ಕಡೆಯ ಕಟುವಾಪಿಟಿಯದ ಸಂತ ಸೆಬಾಸ್ಟಿಯನ್ ಚರ್ಚ್. ಆದರೆ ಕೆಳಗಿನ ಸಾಲು ಆ ಚರ್ಚಿನವರ ಮಾತಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ನೆಗೊಂಬೊದಲ್ಲಿ ಮುಸ್ಲಿಮರ ಮೇಲೆ ಜನ ಬಿದ್ದಾಗ, ಒಬ್ಬ ಮುಸ್ಲಿಮನಿಗೂ ನೋವು ಮಾಡಬೇಡಿ ಎಂದು ಬೇಡಿಕೊಂಡವರು ಕೊಲಂಬೊದ ಕಥೋಲಿಕ ಧರ್ಮಗುರು ಕಾರ್ಡಿನಲ್ ಮಾಲ್ಕಮ್ ರಂಜಿತ್.

ದೊಡ್ಡಪ್ಪ: ಕ್ಷಮಿಸಿ ಅನ್ನುವುದು ಸುಲಭ ಮಗಳೇ. ಸತ್ತವರ ಮನೆಯವರಿಗೆ ಉತ್ತರ ಯಾರು ಕೊಡಬೇಕು?

ನಾನು: ನನ್ನ ಪ್ರಶ್ನೆಯೂ ಅದೇ. ಮುಸ್ಲಿಂ ಅಂಗಡಿಯವನನ್ನು ಕೇಳಿದರೆ ಉತ್ತರ ಸಿಗುತ್ತಾ? ದಾಳಿ ಆಗಬಹುದು ಅಂತ ಏಪ್ರಿಲ್ 4ರಂದೇ ಭಾರತದಿಂದ ಎಚ್ಚರಿಕೆ ಹೋಗಿತ್ತು. ದಾಳಿಕೋರರ ಮುಖಂಡ ಜಹ್ರಾನ್ ಮೇಲೆ ಅವನ ಊರಿನ ಮುಸ್ಲಿಮರೇ ಎಷ್ಟೋ ಮೊದಲು ದೂರು ಕೊಟ್ಟಿದ್ದರು. ಅಧಿಕಾರದಲ್ಲಿದ್ದವರು ಕಿವಿಗೆ ಹಾಕಿಕೊಳ್ಳಲಿಲ್ಲ. ಸತ್ತವರ ಮನೆಯವರು, ಫಾದರ್‌ಗಳು ಕೋರ್ಟಿಗೆ ಹೋದರು. 2023ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಆಗ ಅಧ್ಯಕ್ಷರಾಗಿದ್ದ ಸಿರಿಸೇನ ತಮ್ಮ ಕೈಯಿಂದ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕೊಡಬೇಕು ಎಂದಿತು.

ತಂಗಿ: ಅಕ್ಕಾ, ಇವರನ್ನು ಕ್ಷಮಿಸು ಅಂತ ಶಿಲುಬೆಯ ಮೇಲೆ ಯೇಸುಸ್ವಾಮಿಯೇ ಹೇಳಿದರಲ್ವಾ? ಮತ್ತೆ ಕೋರ್ಟು ಯಾಕೆ? ದೇವರಿಗೆ ಬಿಟ್ಟುಬಿಡಬಾರದಾ?

ನಾನು: ಬಿಡಬಾರದು. ಸತ್ತು ಎದ್ದು ಬಂದ ಯೇಸುಸ್ವಾಮಿ ಗಾಯ ಮುಚ್ಚಿಕೊಳ್ಳಲಿಲ್ಲ. ಶಿಷ್ಯ ತೋಮನಿಗೆ ಕೈ ತೋರಿಸಿದರು, ಪಕ್ಕೆ ತೋರಿಸಿದರು. ಯಾರ ಮೇಲೂ ಸೇಡು ತೀರಿಸಿಕೊಳ್ಳಲಿಲ್ಲ, ಏನೂ ಆಗಿಲ್ಲ ಅಂತಲೂ ನಟಿಸಲಿಲ್ಲ. ಕ್ಷಮಿಸಿದವರು ಸತ್ಯ ಕೇಳಬಾರದು ಅಂತ ಯಾವ ಸುವಾರ್ತೆಯಲ್ಲಿದೆ? ಸುಮ್ಮನಿದ್ದರೆ ಲಾಭ ತಪ್ಪು ಮಾಡಿದವರಿಗೆ ಮಾತ್ರ.

ಅತ್ತೆ: ಕಾನ್ವೆಂಟಿನಲ್ಲಿ ಈಗ ಫೋನ್ ನೋಡಿದೆ. ಅಣ್ಣ, ನೀನು ಸಂತ ಜೋಸೆಫ್ ವಾಜ್ ಹೆಸರಲ್ಲಿ ಮುಡಿಪು ಬೆಟ್ಟಕ್ಕೆ ಹೋಗುತ್ತೀಯಲ್ಲ. ನಮ್ಮ ಕರಾವಳಿಯಲ್ಲಿ ಸೇವೆ ಮಾಡಿ, 1687ರಲ್ಲಿ ಅವರು ಸಿಲೋನಿಗೆ, ಅಂದರೆ ಈಗಿನ ಶ್ರೀಲಂಕಾಕ್ಕೆ, ಹೋದರು. ಅಲ್ಲಿ ಕಥೋಲಿಕರಿಗೆ ಕಾಟ ಕೊಡುತ್ತಿದ್ದವರು ಯಾರು? ಡಚ್ಚರು, ಅವರೂ ಕ್ರೈಸ್ತರೇ. ಆಸರೆ ಕೊಟ್ಟವನು ಕ್ಯಾಂಡಿಯ ಬೌದ್ಧ ರಾಜ. ಮೊದಲು ಗೂಢಚಾರ ಅಂತ ಹಿಡಿದಿಟ್ಟ, ಆಮೇಲೆ ಅವನೇ ಕಾಪಾಡಿದ. ಧರ್ಮ ನೋಡಿ ಶತ್ರು ಯಾರೆಂದು ತೀರ್ಮಾನಿಸಿದ್ದರೆ ಆ ದ್ವೀಪದಲ್ಲಿ ನಮ್ಮ ಕಥೋಲಿಕ ಸಭೆ ಉಳಿಯುತ್ತಿತ್ತಾ?

ದೊಡ್ಡಪ್ಪ: ಇತಿಹಾಸ ಸರಿ. ನನಗೆ ಅದೇ ದಿನ ಬಟ್ಟಿಕಲೋವದ ಚರ್ಚಿನಲ್ಲಿ ಸತ್ತ ಮಕ್ಕಳು ಮನಸ್ಸಿನಿಂದ ಹೋಗುವುದಿಲ್ಲ. ಸಂಡೇ ಸ್ಕೂಲ್ ಮಕ್ಕಳು.

ಚಿಕ್ಕಮ್ಮ: ಯಾರಿಗೆ ಹೋಗುತ್ತದೆ ಭಾವ.

ನಾನು: ಆ ಮಕ್ಕಳ ಹೆಸರಲ್ಲೇ ಕೇಳುತ್ತಿದ್ದೇನೆ. ಫೋಟೊ ಇರಲಿ, ಆ ಸಾಲು ಬೇಡ.

ದೊಡ್ಡಪ್ಪ: ಸಾಲು ಫೋಟೊ ಮೇಲೆಯೇ ಅಂಟಿದೆ. ಪೂರ್ತಿ ಅಳಿಸುತ್ತೇನೆ, ಬರೀ ಫೋಟೊ ಸಿಕ್ಕರೆ ಹಾಕುತ್ತೇನೆ. ಆದರೆ ದೇವರಿಗೆ ಬಿಟ್ಟು ಸುಮ್ಮನಿರಿ ಅನ್ನುವ ಮಾತು ಮಾತ್ರ ನಾನು ಒಪ್ಪುವುದಿಲ್ಲ.

ನಾನು: ಅದರಲ್ಲಿ ನಾನು ನಿಮ್ಮ ಕಡೆ ದೊಡ್ಡಪ್ಪ.

ತಂಗಿ: ನಾನು ಇನ್ನೂ ಒಪ್ಪಿಲ್ಲ. ಸಂಜೆ ಮನೆಗೆ ಬರುತ್ತೇನೆ, ಮಾತಾಡೋಣ.