ಅಮ್ಮನ ಮಣಿಕಟ್ಟು ಮುರಿದಿದೆ, ಅಮೆರಿಕದಲ್ಲಿ ಇರಬಹುದಾದ ಅವಧಿ (ಐ-94) ಮಾರ್ಚ್‌ಗೆ ಮುಗಿಯುತ್ತದೆ: ಏನು ಮಾಡಬೇಕು?

ಪ್ರಶ್ನೆ

ನನ್ನ ತಂದೆ-ತಾಯಿ ಕಳೆದ ಸೆಪ್ಟೆಂಬರ್ 20ರಂದು ದಾವಣಗೆರೆಯಿಂದ ನ್ಯೂಜೆರ್ಸಿಯ ನಮ್ಮ ಮನೆಗೆ ಬಂದಿದ್ದಾರೆ. ಇಬ್ಬರ ಬಳಿಯೂ 2032ರವರೆಗೆ ಚಾಲ್ತಿಯಲ್ಲಿರುವ ಬಿ-2 ಪ್ರವಾಸಿ ವೀಸಾ ಇದೆ. ಮಾರ್ಚ್ 10ಕ್ಕೆ ಬೆಂಗಳೂರಿಗೆ ಹಿಂತಿರುಗುವ ಟಿಕೆಟ್ ಕೂಡ ಆಗಿತ್ತು. ಆದರೆ ಸಂಕ್ರಾಂತಿಯ ಬೆಳಿಗ್ಗೆ ಅಮ್ಮ ಬಾಗಿಲ ಮುಂದೆ ನಾಲ್ಕು ಎಳೆ ರಂಗೋಲಿ ಹಾಕುತ್ತೇನೆಂದು ಹೊರಗೆ ಹೋದವರು ಮೆಟ್ಟಿಲ ಮೇಲಿನ ಮಂಜುಗಡ್ಡೆಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಮಾಡಿ ಪ್ಲೇಟ್ ಹಾಕಿದ್ದಾರೆ. ಏಪ್ರಿಲ್ ಕೊನೆಯವರೆಗೆ ಫಿಸಿಯೋಥೆರಪಿ ನಡೆಯಬೇಕು ಎಂದಿದ್ದಾರೆ. ವೀಸಾ 2032ರವರೆಗೆ ಇರುವುದರಿಂದ ಏನೂ ಮಾಡಬೇಕಾಗಿಲ್ಲ ಎಂದು ಒಬ್ಬ ಸ್ನೇಹಿತರು ಹೇಳುತ್ತಾರೆ, ವಿಸ್ತರಣೆಗೆ ಅರ್ಜಿ ಹಾಕಲೇಬೇಕು ಎಂದು ಇನ್ನೊಬ್ಬರು. ಅರ್ಜಿ ಹಾಕುವುದೇ ಆದರೆ ಅಮ್ಮ ಸಹಿ ಮಾಡುವುದು ಹೇಗೆ? ಅವರು ಕನ್ನಡದಲ್ಲಿ ಸಹಿ ಮಾಡುವವರು, ಆ ಕೈಯೇ ಈಗ ಪಟ್ಟಿಯೊಳಗಿದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನಿಮ್ಮ ಎರಡನೆಯ ಸ್ನೇಹಿತರ ಮಾತೇ ಸರಿ. ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾ ಅಮೆರಿಕದ ಬಾಗಿಲಿಗೆ ಬಂದು ಪ್ರವೇಶ ಕೇಳುವುದಕ್ಕೆ ಇರುವ ಅನುಮತಿ ಮಾತ್ರ. ಒಳಗೆ ಎಷ್ಟು ದಿನ ಇರಬಹುದು ಎಂಬುದನ್ನು ನಿರ್ಧರಿಸುವುದು ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕೊಟ್ಟ ಐ-94 ದಾಖಲೆಯ ದಿನಾಂಕ. ಅದು ಸಾಮಾನ್ಯವಾಗಿ ಆರು ತಿಂಗಳಿರುತ್ತದೆ, ಆದರೆ ಸಾಮಾನ್ಯವಾಗಿ ಮಾತ್ರ. ಆದ್ದರಿಂದ ಬೆರಳೆಣಿಸಿ ಲೆಕ್ಕ ಹಾಕಬೇಡಿ. ಅಮೆರಿಕದ ಗಡಿ ಇಲಾಖೆಯಾದ ಸಿಬಿಪಿಯ ಐ-94 ಜಾಲತಾಣದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಇಬ್ಬರ ದಾಖಲೆಯನ್ನೂ ಬೇರೆಬೇರೆಯಾಗಿ ತೆಗೆದು ನೋಡಿ. ನನ್ನ ಮಾವನವರ ಪಾಸ್‌ಪೋರ್ಟ್ ನಾಲ್ಕು ತಿಂಗಳಲ್ಲಿ ಮುಗಿಯುವುದರಲ್ಲಿತ್ತು ಎಂಬ ಕಾರಣಕ್ಕೆ ಅವರ ಅವಧಿಯನ್ನೂ ಅಲ್ಲಿಗೇ ನಿಲ್ಲಿಸಿದ್ದರು, ಅತ್ತೆಯವರಿಗೆ ಮಾತ್ರ ಆರು ತಿಂಗಳು ಸಿಕ್ಕಿತ್ತು. ಮನೆಯಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಹೊರಡುವ ವ್ಯವಸ್ಥೆಗೆ ಹನ್ನೊಂದೇ ದಿನ ಉಳಿದಿತ್ತು.

ನೀವು ವಿಸ್ತರಿಸಬೇಕಾದದ್ದು ವೀಸಾವನ್ನಲ್ಲ, ವಾಸದ ಅವಧಿಯನ್ನು. ಅದಕ್ಕೆ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ಗೆ ಸಲ್ಲಿಸಬೇಕಾದದ್ದು ಐ-539 ನಮೂನೆ. ಜೊತೆಗಿರುವ ಸಂಗಾತಿಗೆ ಐ-539ಎ. 2024ರ ಏಪ್ರಿಲ್‌ನಿಂದ ಶುಲ್ಕ ಆನ್‌ಲೈನ್ ಆದರೆ 420 ಡಾಲರ್, ಕಾಗದದ ಅರ್ಜಿಯಾದರೆ 470 ಡಾಲರ್. ಐ-94 ಮುಗಿಯುವುದಕ್ಕೆ ಕನಿಷ್ಠ 45 ದಿನ ಮೊದಲು ಸಲ್ಲಿಸಿ ಎಂಬುದು ಅವರ ಸಲಹೆ. ಅವಧಿ ಮುಗಿಯುವ ದಿನದೊಳಗೆ ಅರ್ಜಿ ತಲುಪಬೇಕೆಂಬುದು ಮಾತ್ರ ಸಲಹೆಯಲ್ಲ, ಅದು ಕಟ್ಟುನಿಟ್ಟು.

ಸಹಿಯ ಬಗ್ಗೆ ಚಿಂತಿಸಬೇಡಿ. ಸಹಿ ಇಂಗ್ಲಿಷಿನಲ್ಲಿಯೇ ಇರಬೇಕೆಂದಿಲ್ಲ, ಓದಲು ಬರಬೇಕೆಂದೂ ಇಲ್ಲ. ಕೈ ಆಡದಿದ್ದವರು ಶಾಯಿಯಲ್ಲಿ ಒಂದು ಅಡ್ಡ ಗುರುತು ಹಾಕಬಹುದು, ಬರೆಯಲು ಸಾಧ್ಯವೇ ಇಲ್ಲದಿದ್ದರೆ ಬೆರಳೊತ್ತಲೂಬಹುದು. ಅಮ್ಮನ ಹೆಸರನ್ನು ನೀವೇ ಬರೆದು ಸಹಿ ಮಾಡುವ ತಪ್ಪು ಮಾತ್ರ ಮಾಡಬೇಡಿ.

ಅರ್ಜಿಯ ಜೀವಾಳ ಎಂದರೆ ಜೊತೆಗಿಡುವ ಪತ್ರ. ಯಾವಾಗ ಬಿದ್ದರು, ಏನು ಚಿಕಿತ್ಸೆಯಾಯಿತು, ಯಾವ ದಿನಕ್ಕೆ ಹೊರಡುತ್ತಾರೆ, ದಾವಣಗೆರೆಯಲ್ಲಿ ಮನೆ, ಪಿಂಚಣಿ, ಬಂಧುಗಳು ಏನಿದ್ದಾರೆ, ಇಲ್ಲಿನ ಖರ್ಚು ಯಾರದು ಎಂಬುದನ್ನು ಒಂದೂವರೆ ಪುಟದಲ್ಲಿ ಸರಳವಾಗಿ ಬರೆಯಿರಿ. ವೈದ್ಯರ ಪತ್ರ, ಅಪ್ಪನ ಬ್ಯಾಂಕ್ ಖಾತೆಯ ವಿವರ, ನಿಮ್ಮ ಐ-134 ಆರ್ಥಿಕ ಬೆಂಬಲ ಪತ್ರ, ಹೊಸ ದಿನಾಂಕದ ಟಿಕೆಟ್ ಸೇರಿಸಿ. ಮೊಮ್ಮಕ್ಕಳ ಜೊತೆ ಇನ್ನಷ್ಟು ದಿನ ಇರಬೇಕೆಂಬ ಆಸೆಯನ್ನೂ ಅದರಲ್ಲಿ ತುರುಕಬೇಡಿ. ಇರುವ ಕಾರಣವೇ ಗಟ್ಟಿಯಾಗಿದೆ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದೆಲ್ಲ ಸರಿ. ಅರ್ಜಿ ಹಾಕಿದ ನಂತರದ ಕಥೆಯನ್ನು ನಾನು ಸೇರಿಸುತ್ತೇನೆ. ತೀರ್ಮಾನ ಬರಲು ತಿಂಗಳುಗಳೇ ಹಿಡಿಯಬಹುದು, ಅನೇಕರು ಊರಿಗೆ ಮರಳಿದ ಮೇಲೆಯೇ ಉತ್ತರ ಬರುತ್ತದೆ. ಸಮಯಕ್ಕೆ ಸರಿಯಾಗಿ ಸಲ್ಲಿಸಿದ ಅರ್ಜಿ ಬಾಕಿ ಇರುವಷ್ಟು ಕಾಲ ಅಕ್ರಮ ವಾಸದ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ಆದರೆ ನೀವು ಕೇಳಿದ ದಿನಾಂಕವನ್ನು ದಾಟಬಾರದು. ಅರ್ಜಿ ತಿರಸ್ಕೃತವಾದರೆ ಗಂಟುಮೂಟೆ ಕಟ್ಟಿಕೊಂಡು ತಕ್ಷಣ ಹೊರಡಬೇಕು.

ಈ ಕಾರಣದಿಂದಲೇ ಏಪ್ರಿಲ್ 30 ಎಂದು ಕೇಳದೆ ಮೇ ಕೊನೆಯವರೆಗೆ ಕೇಳಿ ಎನ್ನುತ್ತೇನೆ. ಫಿಸಿಯೋಥೆರಪಿ ಒಂದೆರಡು ವಾರ ಮುಂದೆ ಹೋಗುವುದು ಸಹಜ. ಆರು ತಿಂಗಳೂ ಕೇಳಬಹುದೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕೇಳಲು ಅವಕಾಶವಿರುವುದು ನಿಜ, ಆದರೆ ವೈದ್ಯರ ಪತ್ರದಲ್ಲಿ ಏಪ್ರಿಲ್ ಇದ್ದು ಅರ್ಜಿಯಲ್ಲಿ ಸೆಪ್ಟೆಂಬರ್ ಇದ್ದರೆ ಓದುವವರಿಗೆ ಅನುಮಾನ ಬಾರದಿರುತ್ತದೆಯೇ?

ಏನೂ ಮಾಡಬೇಕಾಗಿಲ್ಲ ಎಂದ ಸ್ನೇಹಿತರಿಗೂ ಇದನ್ನು ತಿಳಿಸಿ: ಅರ್ಜಿಯನ್ನೇ ಹಾಕದೆ ಐ-94 ದಿನಾಂಕವನ್ನು ಒಂದು ದಿನ ದಾಟಿದರೂ 2032ರವರೆಗಿನ ಆ ವೀಸಾ ರದ್ದಾದಂತೆಯೇ. 180 ದಿನ ಮೀರಿ ಅಕ್ರಮವಾಗಿ ಉಳಿದು ಹೊರಟವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಉಳಿದವರಿಗೆ ಹತ್ತು ವರ್ಷ ಮರುಪ್ರವೇಶವಿಲ್ಲ.

ಅರ್ಜಿ ತಲುಪಿದ ರಸೀದಿ ಐ-797ಸಿ ರೂಪದಲ್ಲಿ ಬರುತ್ತದೆ. ಅದರ ಪ್ರತಿಯನ್ನೂ ಹೊರಟ ದಿನದ ಬೋರ್ಡಿಂಗ್ ಪಾಸನ್ನೂ ಅಮ್ಮನ ಪಾಸ್‌ಪೋರ್ಟಿನ ಜೊತೆಗೇ ಇಟ್ಟಿರಲಿ. ಮುಂದಿನ ಸಲ ಬಂದಾಗ ಹಿಂದೆ ಆರು ತಿಂಗಳಿಗಿಂತ ಹೆಚ್ಚು ಏಕೆ ಇದ್ದಿರಿ ಎಂದು ಕೇಳಿದರೆ, ಮಾತಿಗೆ ತಡವರಿಸುವ ಹಿರಿಯರ ಪರವಾಗಿ ಆ ಎರಡು ಕಾಗದಗಳೇ ಉತ್ತರ ಹೇಳುತ್ತವೆ.

ಮೂರನೆಯ ಉತ್ತರ

ಪ್ರವಾಸಿ ವಿಮೆಯನ್ನು ಮರೆಯಬೇಡಿ. ಅದು ಮುಗಿಯುವ ಮೊದಲೇ ವಿಸ್ತರಿಸಿದರೆ ಅದೇ ಪಾಲಿಸಿ ಮುಂದುವರಿಯುತ್ತದೆ; ಮುಗಿದ ಮೇಲೆ ಹೊಸದನ್ನು ಕೊಂಡರೆ ಈ ಮಣಿಕಟ್ಟು ಮೊದಲೇ ಇದ್ದ ಕಾಯಿಲೆಯ ಪಟ್ಟಿಗೆ ಸೇರುವ ಅಪಾಯವಿದೆ. ಊರಿನಿಂದ ತಂದ ಬಿಪಿ, ಶುಗರ್ ಮಾತ್ರೆಗಳೂ ಮಾರ್ಚ್‌ಗೆ ಖಾಲಿಯಾಗುವುದರಲ್ಲಿರಬಹುದು. ಇಲ್ಲಿನ ವೈದ್ಯರಿಂದ ಚೀಟಿ ಬರೆಸಿಕೊಂಡರೆ ಆಮ್ಲೋಡಿಪಿನ್, ಮೆಟ್‌ಫಾರ್ಮಿನ್‌ನಂಥವು ವಿಮೆಯಿಲ್ಲದೆಯೂ ಕಡಿಮೆ ಬೆಲೆಗೆ ಸಿಗುತ್ತವೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಐ-94 ತೆಗೆದು ನೋಡಿದೆ. ಇಬ್ಬರಿಗೂ ಮಾರ್ಚ್ 19 ಎಂದೇ ಇದೆ. ಮೇ 28ಕ್ಕೆ ಟಿಕೆಟ್ ಬದಲಾಯಿಸಿ, ಮೇ 31ರವರೆಗೆ ವಿಸ್ತರಣೆ ಕೇಳಿ, ಕಾಗದದ ಅರ್ಜಿಯನ್ನೇ ಸಿದ್ಧಪಡಿಸಿದ್ದೇನೆ. ಹೆಬ್ಬೆಟ್ಟು ಒತ್ತಲು ಅಮ್ಮ ಸುತರಾಂ ಒಪ್ಪಲಿಲ್ಲ. ಎಡಗೈಯಲ್ಲಿ ಅರ್ಧ ಗಂಟೆ ತಿದ್ದಿ ಅಭ್ಯಾಸ ಮಾಡಿ, ತಮ್ಮ ಹೆಸರನ್ನು ಕನ್ನಡದಲ್ಲಿಯೇ ಪೂರ್ತಿ ಬರೆದಿದ್ದಾರೆ. ಕೊನೆಯ ಒತ್ತಕ್ಷರ ಮಾತ್ರ ಗೆರೆಯಿಂದ ಕೆಳಗೆ ಇಳಿದಿದೆ.