ಲೀಫ್ ಸ್ಪ್ರಿಂಗ್ ಮಚ್ಚು: ಎಣ್ಣೆಗೆ ಅದ್ದಿದ ಮೇಲೂ ಅರ ಕಚ್ಚುತ್ತಿದೆ, ಅಲಗೂ ಬಾಗಿದೆ

ಇಕ್ಕಳ:
ಹಳೆಯ ಲೀಫ್ ಸ್ಪ್ರಿಂಗ್ (ಲಾರಿ, ಜೀಪಿನ ಅಡಿಯ ಪಟ್ಟಿ ಸ್ಪ್ರಿಂಗ್) ತುಂಡಿನಿಂದ ಮಚ್ಚು. ಬಡಿದಿಲ್ಲ, ಗ್ರೈಂಡರ್‌ನಲ್ಲೇ ಆಕಾರ ಕೊಟ್ಟಿದ್ದು. ಅಲಗು 22 ಸೆಂ.ಮೀ., ಬೆನ್ನು 6 ಮಿ.ಮೀ., ಬಾಯಿ ಸುಮಾರು 1 ಮಿ.ಮೀ. ಇದ್ದಿಲ ಕುಲುಮೆಯಲ್ಲಿ ಕಾಯಿಸಿ, ಆಯಸ್ಕಾಂತಕ್ಕೆ ಅಂಟುವುದು ನಿಂತ ಕೂಡಲೇ ತೆಗೆದು 2 ಲೀಟರ್ ಹಳೆ ಎಂಜಿನ್ ಆಯಿಲ್‌ಗೆ ಅದ್ದಿದೆ. ಈಗ ಬಾಯಿಯ ಮೇಲೆ ಅರ ಆಡಿಸಿದರೆ ಜಾರುತ್ತಿಲ್ಲ, ಕಚ್ಚುತ್ತಿದೆ, ಅಂದರೆ ಗಡಸು ಬಂದ ಹಾಗಿಲ್ಲ. ಜೊತೆಗೆ ಎಡಕ್ಕೆ 3 ಮಿ.ಮೀ. ಬಾಗಿದೆ. ಉಕ್ಕೇ ಸರಿಯಿಲ್ಲವಾ? ಮುಂದಿನ ಸಲ ನೀರಿಗೆ ಅದ್ದಲಾ?

ಸಾಣೆಕಲ್ಲು:
ನೀರು ಮಾತ್ರ ಬೇಡ. ಲೀಫ್ ಸ್ಪ್ರಿಂಗ್ ಸಾಮಾನ್ಯವಾಗಿ 0.6% ಆಸುಪಾಸು ಇಂಗಾಲ, ಜೊತೆಗೆ ಸ್ವಲ್ಪ ಕ್ರೋಮಿಯಂ ಅಥವಾ ಸಿಲಿಕಾನ್ ಇರುವ ಉಕ್ಕು. ಇದಕ್ಕೆ ಎಣ್ಣೆಯ ವೇಗವೇ ಸಾಕು. ನೀರಿಗೆ ಹಾಕಿದರೆ ಬಾಯಿಯಿಂದ ಬೆನ್ನಿಗೆ ಸೀಳು ಬರುವ ಸಾಧ್ಯತೆಯೇ ಹೆಚ್ಚು.

ಉಕ್ಕನ್ನು ಬೈಯುವ ಮೊದಲು ಒಂದು ಕೆಲಸ ಮಾಡಿ. ಅರ ಕಚ್ಚಿದ ಜಾಗದಲ್ಲೇ ಇನ್ನೂ ಹತ್ತು ಸಲ ಉಜ್ಜಿ. ತೆರೆದ ಬೆಂಕಿಯಲ್ಲಿ ಕಾಯಿಸಿದಾಗ ಮೇಲ್ಮೈಯ ಇಂಗಾಲ ಸುಟ್ಟುಹೋಗಿ 0.1ರಿಂದ 0.3 ಮಿ.ಮೀ. ದಪ್ಪದ ಮೆತ್ತನೆ ಪೊರೆ ಉಳಿಯುತ್ತದೆ. ಅರ ಕಚ್ಚುತ್ತಿರುವುದು ಆ ಪೊರೆಯನ್ನೋ, ಒಳಗಿನ ಉಕ್ಕನ್ನೋ ನೋಡಬೇಕು. ಕೆಳಗೆ ಜಾರತೊಡಗಿದರೆ ಗಡಸು ಬಂದಿದೆ ಎಂದೇ ಅರ್ಥ. ಬಾಯಿಯನ್ನು 1 ಮಿ.ಮೀ. ದಪ್ಪ ಬಿಡುವುದೂ ಇದಕ್ಕೇ: ಆಮೇಲೆ ಉಜ್ಜಿ ತೆಗೆಯಲು ಜಾಗ ಬೇಕಲ್ಲ.

ಇಕ್ಕಳ:
ಉಜ್ಜಿದೆ. ತುದಿಯ ಕಡೆ 14-15 ಸೆಂ.ಮೀ. ತನಕ ಜಾರುತ್ತಿದೆ. ಹಿಡಿಯ ಕಡೆಯ 6-7 ಸೆಂ.ಮೀ. ಎಷ್ಟು ಉಜ್ಜಿದರೂ ಕಚ್ಚುತ್ತಿದೆ.

ಸಾಣೆಕಲ್ಲು:
ಹಾಗಾದರೆ ಉಕ್ಕು ಒಳ್ಳೆಯದೇ, ಕಾವು ಸಾಲದು. ಆಯಸ್ಕಾಂತ ಬಿಡುವುದು ಸುಮಾರು 770 ಡಿಗ್ರಿಯಲ್ಲಿ. ಈ ಉಕ್ಕಿಗೆ ಬೇಕಾದದ್ದು 830ರಿಂದ 845. ಆಯಸ್ಕಾಂತ ಬಿಟ್ಟ ಕ್ಷಣ ತೆಗೆದರೆ ತೆಳುವಾದ ತುದಿ ಹೇಗೋ ಪಾರಾಗುತ್ತದೆ, ದಪ್ಪ ಭಾಗ ಹಿಂದೆ ಉಳಿಯುತ್ತದೆ. ಇಕ್ಕಳ ಕಚ್ಚಿದ ಕಡೆಯಿಂದ ಕಾವು ಸೋರಿಹೋಗುವುದೂ ಸೇರಿತು.

ಬಣ್ಣ ನೋಡುವುದಾದರೆ ನೆರಳಲ್ಲೇ ನೋಡಿ, ಬಿಸಿಲಲ್ಲಿ ಕಣ್ಣು ಮೋಸ ಹೋಗುತ್ತದೆ. ಇನ್ನೊಂದು ಗುರುತು ಉಪ್ಪು: ಅಡುಗೆ ಉಪ್ಪು ಕರಗುವುದು 801 ಡಿಗ್ರಿಯಲ್ಲಿ. ಒಲೆಯಲ್ಲೇ ಇರುವ ಅಲಗಿನ ಬೆನ್ನಿಗೆ ಚಿಟಿಕೆ ಉದುರಿಸಿ. ಹರಳು ಕರಗಿ ಹರಡಿತೆಂದರೆ ಅಲ್ಲಿಂದ ಒಂದು ಛಾಯೆ ಹೆಚ್ಚು ಬೆಳಗುವ ತನಕ ಬಿಡಿ, ಆ ಕಾವಲ್ಲೇ ಐದು ನಿಮಿಷ ನಿಲ್ಲಿಸಿ. ಇದ್ದಿಲಿನ ನಡುವೆ ಒಂದು ಕಬ್ಬಿಣದ ಪೈಪ್ ಇಟ್ಟು ಅಲಗನ್ನು ಅದರೊಳಗೆ ಕಾಯಿಸಿದರೆ ಕಾವು ಸಮನಾಗಿರುತ್ತದೆ, ಪೊರೆಯೂ ಕಡಿಮೆ. ಪೈಪಿಗೆ ಸತುವಿನ ಲೇಪ ಇರಲೇಬಾರದು, ಅದರ ಹೊಗೆ ವಿಷ.

ತಿದಿ:
ಮತ್ತೆ ಕಾಯಿಸಿ ನೇರವಾಗಿ ಅದ್ದಬೇಡಿ. ಒಮ್ಮೆ ಗಡಸಾದ ಅಲಗನ್ನು ಹಾಗೇ ಇನ್ನೊಮ್ಮೆ ಅದ್ದಿದರೆ ಒಳಗಿನ ಎಳೆತ ಸೇರಿ ಬಿರುಕು ಬಿಡಬಹುದು. ಮೊದಲು ಮೂರು ಸಲ ಕಾಯಿಸಿ ಗಾಳಿಯಲ್ಲಿ ಆರಿಸಿ. ಮೊದಲ ಸಲ ಸುಮಾರು 870, ಆಮೇಲೆ ಒಂದೊಂದು ಸಲವೂ ಸ್ವಲ್ಪ ಕಡಿಮೆ. ಪ್ರತಿ ಸಲ ಕೆಂಪು ಪೂರ್ತಿ ಹೋಗಿ ಕಪ್ಪಾಗಬೇಕು. ನೇತುಹಾಕಿ ಆರಿಸಿ, ತಣ್ಣನೆ ಕಲ್ಲಿನ ಮೇಲೆ ಮಲಗಿಸಬೇಡಿ.

ನಿಮ್ಮ ಅಲಗು ಬಾಗಿದ್ದಕ್ಕೂ ಇಲ್ಲೇ ಒಂದು ಕಾರಣ ಇದೆ: ಸ್ಪ್ರಿಂಗಿನ ಹಳೆ ಬಾಗು, ಗ್ರೈಂಡರ್ ಕೊಟ್ಟ ಎಳೆತ ಎಲ್ಲ ಅದರೊಳಗೇ ಕೂತಿತ್ತು. ಎರಡನೆಯದು, ಎರಡೂ ಮಗ್ಗುಲು ಒಂದೇ ಸಮ ತೆಳುವಾಗಿದೆಯಾ ಅಳೆದು ನೋಡಿ. ಮೂರನೆಯದು ಅದ್ದುವ ರೀತಿ. ತುದಿ ಕೆಳಗೆ ಮಾಡಿ ನೆಟ್ಟಗೆ ಇಳಿಸಿ, ಮೇಲೆ ಕೆಳಗೆ ಮಾತ್ರ ಆಡಿಸಿ. ಅಕ್ಕಪಕ್ಕ ಅಲ್ಲಾಡಿಸಿದರೆ ಒಂದು ಮಗ್ಗುಲು ಬೇಗ ತಣಿದು ಅಲಗು ಎಳೆದುಕೊಳ್ಳುತ್ತದೆ.

ಎಣ್ಣೆಯ ಬಗ್ಗೆಯೂ ಹೇಳಬೇಕು. 2 ಲೀಟರ್ ಸಾಲದು, 5 ಇರಲಿ. ಹಳೆ ಎಂಜಿನ್ ಆಯಿಲ್ ಹೊಗೆ ಒಳ್ಳೆಯದಲ್ಲ, ಸಾಸಿವೆ ಅಥವಾ ಸೂರ್ಯಕಾಂತಿ ಎಣ್ಣೆಯೇ ವಾಸಿ. 50ರಿಂದ 60 ಡಿಗ್ರಿಗೆ ಬೆಚ್ಚಗೆ ಮಾಡಿ. ತಣ್ಣನೆ ಎಣ್ಣೆ ಗಟ್ಟಿ, ಅಲಗಿನ ಸುತ್ತ ಆವಿ ಹೊದ್ದುಕೊಂಡು ತಣಿಯುವುದು ನಿಧಾನ. ಪಾತ್ರೆ ಲೋಹದ್ದು, ಆಳದ್ದು, ಮೇಲೆ ಮುಚ್ಚಲು ತಗಡು ಕೈಗೆ ಸಿಗುವಂತಿರಲಿ. ಅರ್ಧ ಅದ್ದಿ ನಿಲ್ಲಿಸಿದರೆ ಎಣ್ಣೆ ಹೊತ್ತಿಕೊಳ್ಳುತ್ತದೆ.

ಇಕ್ಕಳ:
ಬಿರುಕು ಮೊದಲೇ ಇತ್ತಾ ಎಂದು ನೋಡುವುದು ಹೇಗೆ?

ತಿದಿ:
ಓಡಿ ಸವೆದ ಸ್ಪ್ರಿಂಗಿನಲ್ಲಿ ಕೂದಲೆಳೆ ಬಿರುಕು ಇರುವುದುಂಟು, ಹೆಚ್ಚಾಗಿ ನಡುವಿನ ಬೋಲ್ಟ್ ತೂತಿನ ಸುತ್ತ. ಆ ಭಾಗ ಬಳಸಲೇಬೇಡಿ. ಉಳಿದದ್ದಕ್ಕೆ ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಡಿ, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಒಳಗಿನ ಎಣ್ಣೆ ಸುಣ್ಣಕ್ಕೆ ಇಳಿದು ಗೆರೆ ಮೂಡುತ್ತದೆ. ಬೆಂಕಿಯಿಂದ ದೂರ ಮಾಡಿ, ಮುಗಿದ ಮೇಲೆ ಪೂರ್ತಿ ತೊಳೆದೇ ಕುಲುಮೆಗೆ.

ಸಾಣೆಕಲ್ಲು:
ಇನ್ನೊಂದು. ಅದೇ ಸ್ಪ್ರಿಂಗಿನ ಬೆರಳಗಲ ಚೂರನ್ನು ಮೊದಲು ಅದ್ದಿ ನೋಡಿ. ಬಟ್ಟೆ ಸುತ್ತಿ ವೈಸ್‌ಗೆ ಸಿಕ್ಕಿಸಿ, ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಮುರಿಯಿರಿ. ಮುರಿದ ಮೈ ಬೂದು ಮಖಮಲ್ಲಿನ ಹಾಗಿದ್ದರೆ ಕಾವು ಸರಿ. ಸಕ್ಕರೆ ಹರಳಿನ ಹಾಗೆ ಮಿನುಗಿದರೆ ಹೆಚ್ಚಾಗಿದೆ. ಮುರಿಯದೆ ಬಾಗಿದರೆ ಕಡಿಮೆ. ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ.

ಇಕ್ಕಳ:
ಹೇಳಿದ ಹಾಗೇ ಮಾಡಿದೆ. ಈಗ ಪೂರ್ತಿ ಅಲಗಿನ ಮೇಲೆ ಅರ ಜಾರುತ್ತಿದೆ. ಬಾಗು ಇನ್ನೂ 1 ಮಿ.ಮೀ. ಇದೆ. ಹದ (ಮಂದ ಕಾವಲ್ಲಿ ಕಾಯಿಸಿ ಪೆಡಸು ಇಳಿಸುವುದು) ನಾಳೆ ಮಾಡಿದರೆ ಆಗುತ್ತಾ?

ಸಾಣೆಕಲ್ಲು:
ನಾಳೆಗೆ ಬಿಡಬೇಡಿ. ಈಗ ಅದು ಗಾಜು. ಕೈಗೆ ಹಿಡಿಯುವಷ್ಟು ಆರಿದ ಕೂಡಲೇ ಓವನ್‌ಗೆ. ಮಚ್ಚು ಪೆಟ್ಟು ತಿನ್ನುವ ಸಾಮಾನು, ಹಾಗಾಗಿ 230 ಡಿಗ್ರಿ, ಎರಡು ಗಂಟೆ, ತಣಿಸಿ ಮತ್ತೆ ಎರಡು ಗಂಟೆ. 200ರಲ್ಲಿ ನಿಲ್ಲಿಸಿದರೆ ಹರಿತ ಹೆಚ್ಚು ದಿನ ನಿಲ್ಲುತ್ತದೆ, ಆದರೆ ಗಂಟು ಕಡಿದಾಗ ಬಾಯಿಯಿಂದ ಚಕ್ಕೆ ಏಳುತ್ತದೆ. ಓವನ್ ಗುಂಡಿ ತೋರಿಸುವ ಅಂಕಿ ನಂಬಬೇಡಿ, ಒಳಗೆ ಬೇರೆ ಥರ್ಮಾಮೀಟರ್ ಇಡಿ.

ಬಾಗನ್ನು ಸುತ್ತಿಗೆಯಿಂದ ಬಡಿಯಲು ಹೋಗಬೇಡಿ, ಮುರಿಯುತ್ತದೆ. ಮೊದಲ ಸುತ್ತು ಹಾಗೇ ಮುಗಿಸಿ. ಎರಡನೇ ಸುತ್ತಿಗೆ ಅಲಗನ್ನು ದಪ್ಪ ಪಟ್ಟಿಗೆ ಒತ್ತಿ, ಬಾಗಿದ ಜಾಗದ ಕೆಳಗೆ ನಾಣ್ಯ ಇಟ್ಟು, ಎರಡೂ ತುದಿ ಕ್ಲ್ಯಾಂಪ್ ಮಾಡಿ. ಉಲ್ಟಾ ಕಡೆಗೆ 2-3 ಮಿ.ಮೀ. ಬಾಗಿರುವ ಹಾಗೆ ಬಿಗಿದು ಓವನ್‌ಗೆ ಇಡಿ. ಪೂರ್ತಿ ಆರಿದ ಮೇಲೆಯೇ ಬಿಚ್ಚಿ. ಸಾಲದಿದ್ದರೆ ಇನ್ನೊಂದು ಸುತ್ತು, ನಾಣ್ಯ ಎರಡು.

ತಿದಿ:
ಆಮೇಲೆ ಸಾಣೆ ಹಿಡಿಯುವಾಗ ಕೈಗವಸು ಬೇಡ, ಬರಿಗೈಲಿ ಹಿಡಿಯಿರಿ. ಬಿಸಿ ತಾಳಲಾಗದಿದ್ದರೆ ತಕ್ಷಣ ನೀರಿಗೆ. ಬಾಯಲ್ಲಿ ನೀಲಿ ಮೂಡಿದರೆ ಅಷ್ಟು ಜಾಗದ ಹದ ಹೋಯಿತು, ಆ ನೀಲಿ ತೀರುವ ತನಕ ತೇಯ್ದು ತೆಗೆಯಬೇಕು.